ಉಪ್ಪು ನೋಡುವವನು

ಮುಹರ್ರಕ್‌ನ ಮಸೀದಿಯ ಹಿಂದೆ, ತಗಡಿನ ಮಾಡಿನ ಕೆಳಗೆ
ನಾನೂರು ಜನರ ಹರೀಸ್ ಬೇಯುವ ಹಂಡೆ.
ಮರದ ಹುಟ್ಟು ಹಿಡಿದವರು ಮೀರಾನ್ ದಾಮ್ದಾ, ಭಟ್ಕಳದವರು.
ಈ ತಿಂಗಳು ಹಗಲು ಹೊತ್ತು ಅವರ ನಾಲಗೆ ನಾನು.
"ಊರೇ ಉಪ್ಪುಂದ, ಉಪ್ಪು ನೋಡಲು ಇನ್ಯಾರು ಬೇಕು?"
ಅಂತ ನಗಾಡಿ ಕೆಲಸ ಕೊಟ್ಟಿದ್ದರು.

ಅಡುಗೆಯವನಿಗೆ ವಿನಾಯಿತಿ ಉಂಟಂತೆ:
ತುದಿನಾಲಗೆಗೆ ಸೋಕಿಸಿ ಉಗುಳಬಹುದು.
ಅವರು ಒಲ್ಲರು. "ಬೆಕ್ಕಿಗೆ ಹಾಲು ತೋರಿಸಿ
ಮೂಸಿ ಹೋಗು ಅಂದರೆ ಹೋಗ್ತದಾ?"

ಸಂಜೆ ನಾಲ್ಕಕ್ಕೆ ಅಂಗೈ ಚಾಚುತ್ತೇನೆ.
ಮೊದಮೊದಲು ಬಟ್ಟಲು ತುಂಬ ಹಾಕಿಕೊಂಡು 'ನೋಡುತ್ತಿದ್ದೆ',
ಮೇಲಿನದು, ತಳದ್ದು, ಮತ್ತೆ ಮೇಲಿನದು.
ಅವರು ಏನೂ ಅನ್ನಲಿಲ್ಲ.
ಹುಟ್ಟು ತಿರುಗಿಸುವ ಕೈ ಮಾತ್ರ ಅರೆಗಳಿಗೆ ನಿಲ್ಲುತ್ತಿತ್ತು.
ಆ ನಿಲ್ಲುವಿಕೆಗೇ ನನ್ನ ಗಂಟಲು ಸಣ್ಣದಾಯಿತು.
ಈಗ ಒಂದು ಹನಿ ಸಾಕು. ಅದರಲ್ಲೇ
ಗೋಧಿ, ಕುರಿ, ದಾಲ್ಚಿನ್ನಿ, ಬೆಳಗಿನ ಜಾವದ ಬೆಂಕಿ,
ಇನ್ನೆಷ್ಟು ಉಪ್ಪು ಬೇಕಿಲ್ಲ ಎಂಬುದೂ.

ಫಿರಂಗಿ ಹಾರಿದ ಮೇಲೆ ಅವರಿಗೆ
ಮೂರು ಖರ್ಜೂರ, ನೀರು, ತಡವಾಗಿ ಅರ್ಧ ಬಟ್ಟಲು.
ಆಚೆ ಚಾಪೆಯಲ್ಲಿ ಹುಡುಗರು ತಟ್ಟೆಗೆ ತಟ್ಟೆ ಪೇರಿಸುವಾಗ
ನನಗೊಬ್ಬನಿಗೇ ಕೇಳುವಂತೆ ಹೇಳಿದ್ದರು:
"ಹಗಲು ಬಿಟ್ಟದ್ದನ್ನು ಸಂಜೆ
ಬಡ್ಡಿ ಸಮೇತ ವಸೂಲಿ ಮಾಡಿದರೆ
ಅದು ಉಪವಾಸ ಅಲ್ಲ ಮಾರಾಯ, ಲೇವಾದೇವಿ."

ಹದಿನೆಂಟನೇ ರೋಜಾ. ಅಮ್ಮನ ಫೋನು: "ಇವತ್ತು ಸಂಕಷ್ಟಿ."
ಪ್ರತಿ ತಿಂಗಳೂ ಹೇಳುತ್ತಾಳೆ, ಪ್ರತಿ ತಿಂಗಳೂ ಹ್ಞೂಂ ಅನ್ನುತ್ತೇನೆ.
ಆ ದಿನ ಯಾಕೋ ಚಹಾ ಕೈಯಲ್ಲೇ ಆರಿತು.
ನಾಲ್ಕಕ್ಕೆ ಸೌಟು ಬಂತು. ಅಂಗೈ ಮುಚ್ಚಿಕೊಂಡೆ.
"ನನಗೂ ಇವತ್ತು... ಚಂದ್ರ ಕಾಣುವ ತನಕ."

ನಾನೂರು ಹೊಟ್ಟೆ, ಎರಡು ನಾಲಗೆ, ಎರಡಕ್ಕೂ ಬೀಗ.
ಮೀರಾನ್ ಹಬೆಗೆ ಮುಖ ಒಡ್ಡಿ ಸುಮ್ಮನೆ ನಿಂತರು.
ಮುಷ್ಟಿ ತುಂಬ ಉಪ್ಪು ಎತ್ತಿ, ಒಂದಿಷ್ಟು ಡಬ್ಬಿಗೇ ಬಿಟ್ಟು,
"ಕಮ್ಮಿಯಾದರೆ ಮೇಲೆ ಹಾಕಿಕೊಳ್ಳಲಿ. ಹೆಚ್ಚಾದರೆ ಕಡಲು."

ಕಮ್ಮಿಯೇ ಆಗಿತ್ತು. ಒಬ್ಬ ಪಠಾಣ ಡ್ರೈವರ್ ಉಪ್ಪು ಕೇಳಿದ.
ಉಳಿದವರು ಉಂಡು ಕೈ ತೊಳೆದು ಹೋದರು.

ನನ್ನ ಚಂದ್ರನಿಗೆ ಇನ್ನೂ ಮೂರು ತಾಸು. ಹಂಡೆ ತಿಕ್ಕಿದೆ.
ತರಾವೀಹ್ ಮುಗಿಸಿ ಬಂದ ಮೀರಾನ್ ಮೆಟ್ಟಿಲ ಮೇಲೆ ಕೂತರು
ತಮ್ಮ ಅರ್ಧ ಬಟ್ಟಲನ್ನು ಮುಟ್ಟದೆ, ತಟ್ಟೆ ಮುಚ್ಚಿಟ್ಟು.
ಧೂಳಿನ ದಿನ. ಕಡಲ ಮೇಲೆ ಒಂದು ಬೆಳಕು.
"ಬಂತಾ?"
ಅಲ್ಲ, ವಿಮಾನ.
ಸ್ವಲ್ಪ ಹೊತ್ತಿಗೆ ಇನ್ನೊಂದು. "ಅದಾ?"
ಅದೂ ಅಲ್ಲ.
ಅಷ್ಟರಲ್ಲಿ ಹಸಿವು ಕೂಗುವುದು ಬಿಟ್ಟು
ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು
ತಾನೂ ಆಕಾಶ ನೋಡುತ್ತಿತ್ತು.