ಟೇಪಿನ ಇನ್ನೊಂದು ತುದಿ

ಟೇಪಿನ ಒಂದು ತುದಿ ಗುರಾಂಡಾಳ ಕೈಯಲ್ಲಿ,
ಇನ್ನೊಂದು ನನ್ನ ಹೆಬ್ಬೆರಳ ಕೆಳಗೆ.
ಅವಳು ಎಳೆಯುತ್ತಾಳೆ, ನಾನು ಒತ್ತುತ್ತೇನೆ.
ಮೂರು ನಲವತ್ತು. ಬರಿ.
ನಾಲ್ಕು ಹತ್ತು. ಬರಿ.

ತ್ಸ್ಖಾಲ್ತುಬೋದ ಈ ಆರೋಗ್ಯಧಾಮಕ್ಕೆ ಹಿಂದೆ
ಗಣಿ ಕೆಲಸದವರು ಮಂಡಿನೋವು ಹೊತ್ತು ಬರುತ್ತಿದ್ದರಂತೆ,
ಇಪ್ಪತ್ತನಾಲ್ಕು ದಿನ ಬಿಸಿನೀರಲ್ಲಿ ನೆನೆದು
ಹಗುರಾಗಿ ರೈಲು ಹತ್ತುತ್ತಿದ್ದರಂತೆ.
ನಮ್ಮವರು ಬಂದದ್ದು ಸಮುದ್ರದ ಕಡೆಯಿಂದ, ಯುದ್ಧ ಬೆನ್ನಿಗೆ ಬಿದ್ದಾಗ.
"ಎರಡು ವಾರ, ಅಷ್ಟೇ" ಅಂದಿದ್ದನಂತೆ ಬಸ್ಸಿನ ಡ್ರೈವರು.
ನಾನು ಹುಟ್ಟಿದ್ದು ಆ ಎರಡು ವಾರದ ಒಂಬತ್ತನೇ ವರ್ಷದಲ್ಲಿ,
ಎರಡನೇ ಮಹಡಿ, ಮಸಾಜು ಕೋಣೆ.
ಗೋಡೆಯ ಮೇಲೆ ಈಗಲೂ ಹಿತ್ತಾಳೆ ಫಲಕ:
ದಯವಿಟ್ಟು ವಿಶ್ರಾಂತಿ ಪಡೆಯಿರಿ.

ಸಂಘ ಅಂದರೆ ಏಳು ಜನ ಹೆಂಗಸರು,
ಒಂದು ಪ್ರಿಂಟರು, ಅದರ ಶಾಯಿಗೆ ತಿಂಗಳ ಚಂದಾ.
ಕಟ್ಟಡವನ್ನು ಹೋಟೆಲಿನವರು ಕೊಂಡಿದ್ದಾರೆ.
ನಗರಸಭೆ ಅಳೆದೂ ಸುರಿದೂ ಒಂದು ಪಟ್ಟಿ ಮಾಡಿದೆ:
ಬಾಲ್ಕನಿ ಲೆಕ್ಕಕ್ಕಿಲ್ಲ. ಪ್ಲೈವುಡ್ ಗೋಡೆ ಗೋಡೆಯಲ್ಲ.
ಹಾಗಾದರೆ ಹನ್ನೊಂದು ವರ್ಷದಿಂದ ಬಾಲ್ಕನಿಯಲ್ಲಿ ಮಲಗುವ
ಬೋಂದೋನ ಮಗ ಎಲ್ಲಿ ಮಲಗುತ್ತಿದ್ದಾನೆ?
ಎಲ್ಲೂ ಇಲ್ಲ, ಅನ್ನುತ್ತದೆ ಪಟ್ಟಿ.
ನಾವೇ ಅಳೆಯೋಣ, ಅಂದಳು ಗುರಾಂಡಾ.

ನೂರಾ ಹದಿಮೂರು ಕೋಣೆ ಮುಗಿದವು.
ಕಿಟಕಿಯಿಂದ ಹೊರಬಿದ್ದ ಒಲೆಯ ಕೊಳವೆಗಳು,
ಅಮೃತಶಿಲೆ ತೊಟ್ಟಿಯಲ್ಲಿ ಆಲೂಗಡ್ಡೆ,
ನೆಲವಿಲ್ಲದ ನೆಲಗಳು.
ಮೊದಲ ಚಳಿಗಾಲ ಹಾಸುಮರವನ್ನೇ ಕಿತ್ತು ಉರಿಸಿದ್ದು.

ಮುನ್ನೂರ ಏಳರಲ್ಲಿ ಮ್ಜೆವಿನಾರ್ ಅಜ್ಜಿ
ಬಾಗಿಲಿಗೆ ಅಡ್ಡ ನಿಂತಳು.
"ಇದನ್ನೇಕೆ ಅಳೆಯುತ್ತೀರಿ? ಇದು ನನ್ನದಲ್ಲ.
ನನ್ನದನ್ನು ಅಳೆಯಿರಿ."
ಗುರಾಂಡಾ ವಾದಿಸಲಿಲ್ಲ.
ಪುಸ್ತಕದಲ್ಲಿ ಹೊಸ ಹಾಳೆ ತಿರುವಿದಳು.

ಸೂರು ಸೋರುವ ನಾಟ್ಯಶಾಲೆಯಲ್ಲಿ ಯಾರೂ ಇಲ್ಲ,
ಮೇಲೆ ಗಾರೆಯ ದ್ರಾಕ್ಷಿಗೊಂಚಲು, ಅರ್ಧ ಉದುರಿದ್ದು.
ಅಲ್ಲಿ ಸೀಮೆಸುಣ್ಣ ಹಿಡಿದು ಕೂತೆವು.
"ಹೊಸ್ತಿಲಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ.
ಆಗಿನ ಹೆಜ್ಜೆ ಕಣೇ, ಈಗಿನದಲ್ಲ."
ನನ್ನನ್ನೇ ನಡೆಸಿದರು. ನನ್ನ ಕಾಲು ಅವಳ ಆಗಿನ ಕಾಲು.
ಬಾವಿ ಇಲ್ಲಿ. ಜೋಳದ ಕಣಜ ಅಲ್ಲಿ.
ಕಿಟಕಿ ಸ್ವಲ್ಪ ಎಡಕ್ಕೆ, ಇಲ್ಲ, ಇನ್ನೂ ಎಡಕ್ಕೆ,
ಅತ್ತೆ ಸತ್ತ ಮಂಚ ಅದರ ಕೆಳಗೆ.
ಅಕ್ರೋಟು ಮರ, ಬೇಲಿಯ ಈಚೆ.

"ಈಚೆ?" ಬಾಗಿಲಲ್ಲಿ ಬೋಂದೋ.
"ಆ ಮರ ನನ್ನಪ್ಪ ನೆಟ್ಟದ್ದು! ಬೇಲಿಯ ಆಚೆ!"
ಅವನು ಅದೇ ಊರು, ಪಕ್ಕದ ಮನೆ ಎಂದು
ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.
ಮೂವತ್ತು ವರ್ಷ ಒಂದೇ ನಲ್ಲಿಯ ಸಾಲಲ್ಲಿ ನಿಂತವರು
ಈಗ ನೆರೆಹೊರೆಯವರಾದರು,
ಕೂಗಾಡಿದರು, ಸತ್ತವರನ್ನು ಸಾಕ್ಷಿಗೆ ಕರೆದರು.
ಗುರಾಂಡಾ ಮರದ ಸುತ್ತ ಒಂದು ಗೆರೆ ಎಳೆದು
ಪಕ್ಕದಲ್ಲಿ ಬರೆದಳು: ತಕರಾರಿದೆ.

ಸೋಮವಾರ ನಗರಸಭೆ.
ಅಧಿಕಾರಿ ಹಾಳೆ ತಿರುವುತ್ತಾ ಕೊನೆಯದಕ್ಕೆ ಬಂದು ನಿಂತ.
"ಇದು ಯಾವ ಕಟ್ಟಡ?"
"ಎಂಬತ್ತಾರು ಚದರ ಮೀಟರು, ಕಣಜ ಬಿಟ್ಟು."
"ಇದಕ್ಕೆ ಕಾಲಂ ಇಲ್ಲವಲ್ಲ."
"ಗೊತ್ತು. ಅದಕ್ಕೇ ಪಿನ್ನು ಹಾಕಿ ತಂದೆ."
ಅವನು ನಕ್ಕನೋ, ಕೆಮ್ಮಿದನೋ.
ಠಸ್ಸೆ ಬಿತ್ತು: ಸ್ವೀಕರಿಸಲಾಗಿದೆ.

"ಸ್ವೀಕರಿಸಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ,"
ಮೆಟ್ಟಿಲಿಳಿಯುತ್ತಾ ಗುರಾಂಡಾ ಸಿಗರೇಟು ಹಚ್ಚಿದಳು.
"ಕಾಗದ ಅವರ ಮನೆ ಹೊಕ್ಕಿತು, ಅಷ್ಟೆ.
ಇನ್ನು ಅದೂ ತಾತ್ಕಾಲಿಕವಾಗಿ ಅಲ್ಲೇ ವಾಸ.
ವಾರಕ್ಕೊಮ್ಮೆ ಹೋಗಿ ನೋಡಿ ಬರೋಣ."

ನಿನ್ನೆ ರಾತ್ರಿ ಮಳೆ ಸೋರಿ ಸೀಮೆಸುಣ್ಣ ಅಳಿಸಿದೆ.
ಬೆಳಕು ಹರಿಯುವ ಮೊದಲೇ ಎದ್ದ ಬೋಂದೋ
ಬೇಲಿಯನ್ನು ಮತ್ತೆ ಎಳೆದಿದ್ದಾನೆ,
ಒಂದು ಗೇಣು ಅವಳ ಕಡೆ ಒತ್ತಿ.

ಈಗ ಮಸಾಜು ಕೋಣೆಯ ಬಾಗಿಲು ಬಡಿಯುತ್ತಿದೆ.
ಮ್ಜೆವಿನಾರ್, ಚಪ್ಪಲಿಯಿಲ್ಲದೆ, ಉಸಿರು ಕಟ್ಟಿ:
"ಏಳೇ ಹುಡುಗಿ,
ಟೇಪು ತಾ."