ತೊಂಬತ್ತನಾಲ್ಕನೇ ಪುಟ

ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಕರಡು ತಿದ್ದಿದವನು ನಾನು.
ಷಕಾರದ ಹೊಟ್ಟೆ ಸೀಳು, ತಪ್ಪಿದ ಒತ್ತಿಗೆ ಜಾಗ ಕೊಡು,
ಅಷ್ಟೇ ಕಸುಬು.
ಮನುಷ್ಯರನ್ನು ತಿದ್ದುವುದು ಬರೆದವರ ಪಾಡು
ಅಂದುಕೊಂಡಿದ್ದೆ.

ಒಂದು ಆಷಾಢದಲ್ಲಿ ಆಂಡಾಳಮ್ಮನವರ ಕಾದಂಬರಿ ಬಂತು.
ಉಪ್ಪಾರಪೇಟೆಯ ಲಾಡ್ಜು, ಮ್ಯಾನೇಜರು ಸಿದ್ದೋಜಿ ರಾಯ:
ನಶ್ಯ ಕುಡಿದು ಹಳದಿಗಟ್ಟಿದ ಮೀಸೆ,
ಸೊಂಟದಲ್ಲಿ ಬೀಗದ ಕೈ ಗೊಂಚಲು,
ಚಿಲ್ಲರೆಯನ್ನು ಎರಡೆರಡು ಸಲ ಎಣಿಸುವ ಚಾಳಿ.
ಒಂಬತ್ತನೇ ರೂಮಿನ ಹೆಂಗಸು
ಮೂರು ವಾರದ ಬಾಡಿಗೆ ಉಳಿಸಿಕೊಂಡು
ನಡುರಾತ್ರಿ ಟ್ರಂಕು ಹೊತ್ತು ಮೆಟ್ಟಿಲಿಳಿಯುತ್ತಾಳೆ.
ಹಸ್ತಪ್ರತಿಯಲ್ಲಿ ದುಂಡಗೆ, ನೀಲಿ ಶಾಯಿಯಲ್ಲಿ, ಇತ್ತು:
'ರಾಯ ಅವಳ ಹಿಂದೆ ಸದ್ದಾಗದಂತೆ ಬಾಗಿಲು ಹಾಕಿಕೊಂಡ.'

ಅಧ್ಯಾಯದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿತ್ತು.
ಮಾಲೀಕರು ಕನ್ನಡಕ ಹಣೆಗೇರಿಸಿ,
'ಫಾರ್ಮು ಹೆಚ್ಚಾಗತ್ತೆ ಕಣ್ರೀ, ಎಲ್ಲಾದ್ರೂ ಒಂದು ಪದ ಹಾರಿಸಿ.'
ಹಾರಿಸಿದೆ.
ಸದ್ದಾಗದಂತೆ.

ಪುಸ್ತಕ ಬಂತು. ರಾಯ ಊರಿಗೆಲ್ಲ ಕಟುಕನಾದ.
ನಗರದ ಕಲ್ಲೆದೆಗೆ ಇವನದೇ ಮುಖ, ಎಂದು ಬರೆದರು ಯಾರೋ.
ನನ್ನ ಹೆಂಡತಿ ಒಗ್ಗರಣೆಯ ಮುಂದೆ ನಿಂತೇ ಓದಿ ಮುಗಿಸಿ,
'ಆ ಎಣಿಸೋ ಬೆರಳು ನೋಡಿದಾಗ್ಲೇ ಅಂದ್ಕೊಂಡೆ, ಪಾಪಿ' ಅಂದಳು.
ಬಾಗಿಲು ದಡಾರನೆ ಬಡಿದದ್ದು ಎಲ್ಲರಿಗೂ ಕೇಳಿಸಿತ್ತು.
ಪುಟದಲ್ಲಿ ಅಂಥ ಸದ್ದೇ ಇಲ್ಲ, ಹುಡುಕಿ ಬೇಕಾದರೆ.
ಆ ಒಂದು ಪದ ಇದ್ದಿದ್ದರೆ
ಮಹಡಿಯ ಮೇಲೆ ಗೊರಕೆ ಹೊಡೆವ ಯಜಮಾನ ಏಳದಿರಲೆಂದು
ಉಸಿರು ಹಿಡಿದು ಚಿಲಕ ಇಳಿಸಿದವನು ಅವನು;
ಎರಡು ಸಲ ಎಣಿಸಿದ್ದು, ಎಷ್ಟು ಕಡಿಮೆಯೋ ಅಷ್ಟನ್ನು
ತನ್ನ ಜೇಬಿಂದ ತುಂಬಲಿಕ್ಕೆ.
ಬೆರಳು ಅವೇ. ನಶ್ಯವೂ ಅದೇ.

ಆಂಡಾಳಮ್ಮ ಫೋನು ಮಾಡಿದ್ದರು. 'ಪ್ರತಿಗಳು ತಲುಪಿದವು.'
ತುಸು ಹೊತ್ತು ಏನೂ ಅನ್ನಲಿಲ್ಲ. ಇಟ್ಟರು.
ಎಷ್ಟೋ ಕೈಬರಹ ಬಿಡಿಸಿ ಓದಿದವನಿಗೆ
ಆ ತುಸು ಹೊತ್ತನ್ನು ಇವತ್ತಿಗೂ ಓದಲು ಬಂದಿಲ್ಲ.
ಎರಡನೇ ಮುದ್ರಣ ಆಗಲಿಲ್ಲ. ಅವರೂ ಹೋದರು.

ಈಗ ಭಾನುವಾರ ಚಿಕ್ಕಪೇಟೆ ಮೆಟ್ರೋದಲ್ಲಿಳಿದು
ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಕೂರುತ್ತೇನೆ.
ಸಿಇಟಿ ಗೈಡುಗಳ ಅಡಿಯಿಂದ ಆ ಕಾದಂಬರಿ ಎಳೆದು
ತೊಂಬತ್ತನಾಲ್ಕನೇ ಪುಟ, ಏಳನೇ ಸಾಲು,
ಹಂಸಪಾದ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಆ ಪದ.
'ಗೀಚಿದ್ರೆ ನೀವೇ ತಗೋಬೇಕು ಸಾರ್,' ಅಂತಾನೆ ಅಂಗಡಿಯ ಇಮ್ತಿಯಾಜ್.
ಹಾಗಾಗಿ, ಲೋಕದಲ್ಲಿ ತಿದ್ದಿದ ಹನ್ನೊಂದು ಪ್ರತಿಗಳಿವೆ,
ಹನ್ನೊಂದೂ ನನ್ನ ಮಂಚದ ಕೆಳಗೆ.

ಹೋದ ವಾರ ಹನ್ನೆರಡನೆಯದು ಸಿಕ್ಕಿತು.
ಏಳನೇ ಸಾಲಿನ ಪಕ್ಕ ಅಂಚಿನಲ್ಲಿ
ಯಾರದೋ ಇರುವೆಯಂಥ ಅಕ್ಷರ:
'ರಾತ್ರಿ ಬೀಗ ತೆಗೆದವರು ಯಾರು ಹಾಗಾದ್ರೆ?
ಕೈ ಗೊಂಚಲು ಇವನ ಸೊಂಟದಲ್ಲೇ ಅಲ್ವಾ?'

ಆ ಗೊಂಚಲನ್ನು ನಾನೇ ಮೂರು ಸಲ ಪ್ರೂಫು ನೋಡಿದ್ದೆ.
'ಗೊಂಚಲು'ವಿನ ಸೊನ್ನೆ ನೋಡಿದ್ದೆ.

ಪೆನ್ಸಿಲು ಜೇಬಿಗೆ ಹಾಕಿದೆ.
ಪುಸ್ತಕವನ್ನು ಗೈಡುಗಳ ಮೇಲೆ, ಮುಖ ಕಾಣುವಂತೆ, ಇಟ್ಟೆ.
'ಬೇಡ್ವಾ ಸಾರ್?'
'ನಾನೇನೂ ಗೀಚಿಲ್ಲಪ್ಪ ಇವತ್ತು,' ಅಂದೆ.