ಐದೂವರೆ ತಿಂಗಳ ಪಗಾರ

ಕೌಲ್ ಬಜಾರಿನ ಖಾಜಣ್ಣನ ಶೆಡ್ಡಿನಲ್ಲಿ
ಹನ್ನೆರಡು ವರ್ಷದಿಂದ ಒಂದು ಕುದುರೆ ನಿಂತಿದೆ,
ತಾಡಪಾಲು ಹೊದ್ದು,
ಗಾಳಿ ಹೋದ ನಾಲ್ಕೂ ಗಾಲಿಯ ಮೇಲೆ ಮಂಡಿಯೂರಿ.
ಮೂತಿಗೆ ಓಡುವ ಕುದುರೆಯ ಬಿಲ್ಲೆ.
ಬಣ್ಣ ನೀಲಿ ಅಂತ ಪುಸ್ತಕದಲ್ಲಿದೆ,
ನಮ್ಮ ಕಣ್ಣಿಗೆ ಅದಿರಿನ ಕೆಂಪು.

ಗಣಿಯ ದುಡ್ಡನ್ನು ಎಣಿಸದೆ ತೂಗುತ್ತಿದ್ದ ಕಾಲ.
ಯಾವನೋ ಸಾಹುಕಾರನ ತಮ್ಮ
ಚೆನ್ನೈ ಬಂದರಿನಲ್ಲಿ ಇಳಿಸಿಕೊಂಡು ತಂದ.
ಎಡಕ್ಕೆ ಸ್ಟಿಯರಿಂಗು, ಎಂಟು ಸಿಲಿಂಡರು.
ಸಂಡೂರು ರಸ್ತೆಯ ಒಂದೇ ಗುಂಡಿ
ಅದರ ಹೊಟ್ಟೆ ಸೀಳಿತು.
ಬಿಟ್ಟುಹೋದ. ಹಿಂದೆಯೇ ಗಣಿಗೂ ಬೀಗ.
ಬಾಕಿ ಬರೆದಿಟ್ಟ ಡೈರಿ ಎರಡು ಸಲ ಬದಲಾಗಿದೆ.

ನಾನು ವೈರಿಂಗಿನ ಎರ್ರಿಸ್ವಾಮಿ.
ದೊಡ್ಡವರ ಆಟಿಕೆ, ನಮಗೇನು ಅಂತ
ಅದರ ಬೆನ್ನ ಮೇಲೆ ಬುತ್ತಿ ಇಡುತ್ತಿದ್ದೆ.

ಆಮೇಲೆ ಹುಲಿಗೆಮ್ಮ ಬಂದಳು, ಕುರುಗೋಡಿನ ಹುಡುಗಿ,
ಐಟಿಐ ಮುಗಿಸಿ, ಅಪ್ಪನ ಅಂಗಿ ತೊಟ್ಟು.
ಮೊದಲ ವಾರ ಚಹಾ ತರಿಸಿದೆವು.
ಎರಡನೇ ವಾರ ಒಂದು ಇಂಜಿನ್ನಿಗೆ ಕಿವಿಗೊಟ್ಟು
"ಮೂರನೇ ಟ್ಯಾಪೆಟ್ ಸಡಿಲ" ಅಂದಳು.
ಸಡಿಲವೇ ಇತ್ತು.
ಅಂದಿನಿಂದ ಚಹಾ ನಾನೇ ತರುತ್ತೇನೆ.

ಪಾನಾ ಮುಟ್ಟಿದರೆ ಬೊಬ್ಬೆ ಏಳುವ ಒಂದು ಮಧ್ಯಾಹ್ನ
ಆಕೆ ಕುದುರೆಯ ಡ್ಯಾಶಿನ ಗೂಡು ಕೆದಕಿದಳು.
ಇಲಿಯ ಹಿಕ್ಕೆ, ಒಂದು ಹೇರ್‌ಪಿನ್,
ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಳದಿ ರಸೀದಿ.
ಬೆರಳಿಟ್ಟು ನಿಧಾನ ಓದಿದಳು:
ಮೊದಲು ಕೊಂಡವನು ಎರಕದ ಕಾರ್ಖಾನೆಯ ಕೂಲಿ.
ವಾರದ ಪಗಾರ ಇಷ್ಟು, ಕಂತು ಇಷ್ಟು.
ಸೀಮೆಸುಣ್ಣ ಹಿಡಿದು ಗೋಡೆ ಮೇಲೆ ಲೆಕ್ಕ ಹಾಕಿದಳು.
"ಅಣ್ಣಾ, ಐದೂವರೆ ತಿಂಗಳ ದುಡಿಮೆ. ಅಷ್ಟೇ."

ಖಾಜಣ್ಣ ಬೀಡಿ ಹೊಸಕಿದ.
"ಸಾವ್ಕಾರ್ರ ಗಾಡಿ ಅಲ್ಲೇನಿದು?"
"ಕಬ್ಬಿಣ ಕರಗಿಸೋನ್ದು."

ಕಬ್ಬಿಣ ನಮಗೇನು ಹೊಸದಲ್ಲ.
ಗುಡ್ಡ ಗುಡ್ಡವೇ ಲಾರಿ ಹತ್ತಿ ಹೋದದ್ದು ಕಂಡಿದ್ದೇವೆ.
ಅದು ಹೀಗೂ ತಿರುಗಿ ಬರಬಹುದು,
ಶನಿವಾರ ಸಂಜೆ, ಆಗಷ್ಟೇ ಮಸಿ ತೊಳೆದ ಕೈಗೆ
ಒಂದು ಕೀಲಿಯಾಗಿ,
ಎಂದು ಯಾರೂ ಹೇಳಿರಲಿಲ್ಲ.

"ಈಗ ಅಲ್ಲೂ ಎಟುಕಲ್ಲಂತೆ," ಅಂದಳು ಫೋನು ಉಜ್ಜುತ್ತ.
"ವಿಮೆ ಏರ್ತು, ಪೆಟ್ರೋಲ್ ಏರ್ತು,
ಆಮೇಲೆ ಗಾಡೀನೇ ಮೈ ಬಂದು ಸಾವ್ಕಾರ ಆತು."

ಖಾಜಣ್ಣ ನಕ್ಕ. ತನ್ನದೂ ಒಂದಿತ್ತಲ್ಲ,
ನೂರು ಸಿಸಿಯ ಎರಡು ಸ್ಟ್ರೋಕಿನದು,
ಒಂದು ವರ್ಷ ಚಹಾ ಬಿಟ್ಟು ಕೂಡಿಸಿ ಕೊಂಡದ್ದು.
ತಂಗಿಯ ಹೆರಿಗೆಗೆ ಒಂಬತ್ತು ಸಾವಿರಕ್ಕೆ ಮಾರಿದ.
ಮೊನ್ನೆ ಅದೇ ನಂಬರು ಕಂಡನಂತೆ
ಒಬ್ಬ ಡಾಕ್ಟರರ ನಡುಮನೆಯಲ್ಲಿ,
ಟ್ಯಾಂಕಿನಲ್ಲಿ ಹನಿ ಪೆಟ್ರೋಲಿಲ್ಲ, ತಲೆಯ ಮೇಲೆ ದೀಪ.

ಹುಲಿಗೆಮ್ಮ ಆ ವಾರವೇ ಗುಜರಿಯಿಂದ
ಹಳೇ ಎಸ್ಟೀಮ್ ಒಂದನ್ನು ಎಳೆಸಿಕೊಂಡು ಬಂದಳು.
ಬಾಗಿಲು ಒಂದು ಬಿಳಿ, ಮೂರು ಕಂದು.
ಹೆಡ್ಡು ತಾನೇ ಉಜ್ಜಿದಳು, ರಾತ್ರಿ ಹನ್ನೊಂದರವರೆಗೆ,
ಒಮ್ಮೆ ಕೆಡಿಸಿ, ಅತ್ತು, ಇನ್ನೊಂದು ತಂದು.

ಮಾಘದ ಒಂದು ಇರುಳು ತೋರಣಗಲ್ಲು ರಸ್ತೆ.
ಮುಂದೆ ಉಕ್ಕಿನ ಕುಲುಮೆಯ ಬೆಳಕಿಗೆ ಆಕಾಶ ಕೆಂಪು.
ಗೇರು ಬಿತ್ತು, ಬೆನ್ನು ಸೀಟಿಗೆ ಅಂಟಿತು,
ಬಾಯಲ್ಲಿದ್ದ ಅಡಿಕೆ ನುಂಗಿಬಿಟ್ಟೆ.
ಮೀಟರಿನ ಮುಳ್ಳು ಮಾತ್ರ ಕದಲಲಿಲ್ಲ;
ಆ ಕೇಬಲ್ಲು ನಾನಿನ್ನೂ ಹಾಕಿರಲಿಲ್ಲ.
ಹೀಗಾಗಿ ಎಷ್ಟು ಓಡಿತು ಅಂತ ಹೇಳಲಾರೆ.
ಖಾಜಣ್ಣನ ಟೋಪಿ ಕಿಟಕಿಯಿಂದ ಹಾರಿತು.

ನಿಲ್ಲಿಸಿ, ಟಾರ್ಚು ಹಿಡಿದು ಜಾಲಿಯಲ್ಲಿ ಹುಡುಕಿದೆವು.
ಹಿಂದೆ ಬಿಸಿ ಇಂಜಿನ್ನು ಟಿಕ್ ಟಿಕ್ ಎಂದು ಆರುತ್ತಿತ್ತು.
"ಒಟ್ಟು ಎಷ್ಟಾತಮ್ಮ?"
"ನನ್ ಪಗಾರ ಏಳು ತಿಂಗಳ್ದು.
ಸೈಲೆನ್ಸರ್ ಇನ್ನೂ ಬಾಕಿ."

ಟೋಪಿ ಸಿಗಲಿಲ್ಲ.